ಬೇಸಿಗೆಯೇ ಇಲ್ಲಿ ಕನ್ನಡದ ಸುಗ್ಗಿ

ಸೊಲ್ಲಾಪುರವೆಂದ ಕೂಡಲೇ ಒಳನಾಡಿನ ಕನ್ನಡಿಗರಿಗೆ ನೆನಪಾಗುವುದು ಚಾದರ. ಸ್ವಲ್ಪ ಹೆಚ್ಚು ಬಲ್ಲವರು ಸೊನ್ನಲಿಗೆಯ ಸಿದ್ಧರಾಮನನ್ನೂ ಸಂಕ್ರಾಂತಿಯ ಗಡ್ಡಾ ಜಾತ್ರೆಯನ್ನೂ ನೆನೆಯುತ್ತಾರೆ. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಆ ಪೀಠವೇರಿದ ಮೊದಲ ಮಹಿಳೆ ಎನಿಸಿದ ಜಯದೇವಿತಾಯಿ ಲಿಗಾಡೆಯವರ ಹೆಸರು ಹೇಳುವವರೂ ಉಂಟು. ಇವೆಲ್ಲ ಕೋಟೆ-ಕೆರೆಗಳ ಹಳೆಯ ಊರಿನ ಮಾತಾಯಿತು. ಆ ಊರು ಈಗ ಕೆರೆಯ ಸುತ್ತಲೇ ಉಳಿದಿಲ್ಲ. ವಿಜಾಪುರ ರಸ್ತೆ, ಹೋಟಗಿ ರಸ್ತೆ, ಅಕ್ಕಲಕೋಟ ರಸ್ತೆಗಳನ್ನು ಹಿಡಿದು ಮೈಲಿಗಟ್ಟಲೆ ಹೊರಗೆ ಬೆಳೆದಿದೆ.

ವಿಜಾಪುರ ರಸ್ತೆಗೆ ಹತ್ತಿದ ಅಂಥದೊಂದು ಹೊರವಲಯವೇ ಜುಳೆ ಸೊಲ್ಲಾಪುರ. ಮರಾಠಿಯಲ್ಲಿ ‘ಜುಳೆ’ ಎಂದರೆ ಅವಳಿ. ಹಳೆಯ ಊರಿಗೆ ಅವಳಿಯಾಗಿ ಎದ್ದ ಹೊಸ ಊರು ಎಂದು ಅರ್ಥ. ಇಂಡಿ ತಾಲೂಕಿನ ಹಳ್ಳಿಯಿಂದ ಸೊಸೆಯಾಗಿ ಬಂದ ನಾನು ಇಲ್ಲಿ ಇಪ್ಪತ್ತಾರು ಬೇಸಿಗೆ ಕಂಡಿದ್ದೇನೆ. ನಮ್ಮ ಓಣಿಯಲ್ಲಿ ಹದಿನೆಂಟು ಮನೆ. ಏಳು ಕನ್ನಡದವರವು, ಎಂಟು ಮರಾಠಿಯವು. ಎರಡು ಮನೆಯವರು ಊರ ಪೂರ್ವಭಾಗದ ನೇಕಾರ ಪೇಟೆಯಿಂದ ಇತ್ತ ಬಂದ ತೆಲುಗರು. ಒಂದು ಮನೆ ಉರ್ದು ಮಾತಾಡುವವರದು. ವರ್ಷದ ಹತ್ತು ತಿಂಗಳು ಓಣಿಯ ಮಾತು ಮರಾಠಿಯೇ. ಕನ್ನಡದ ಮನೆಗಳ ಮಕ್ಕಳು ಕೂಡ ಹೊಸ್ತಿಲು ದಾಟಿದ ಮೇಲೆ ತಮ್ಮತಮ್ಮಲ್ಲಿ ಮರಾಠಿಯಲ್ಲೇ ಜಗಳಾಡುತ್ತಾರೆ.

ಬೇಸಿಗೆ ಬಂತೆಂದರೆ ಮಾತ್ರ ಚಿತ್ರ ಬದಲಾಗುತ್ತದೆ. ಗಡಿನಾಡಿನ ಕನ್ನಡವೆಂದರೆ ಸಭೆ, ಠರಾವು, ಮನವಿಪತ್ರ ಎಂದುಕೊಂಡವರು ಒಮ್ಮೆ ಮೇ ತಿಂಗಳಲ್ಲಿ ನಮ್ಮ ಓಣಿಗೆ ಬರಬೇಕು.

ನಳದ ಸರದಿ

ಇಲ್ಲಿಯ ಬೇಸಿಗೆಯ ಮೊದಲ ಸುದ್ದಿ ಬಿಸಿಲಲ್ಲ, ನೀರು. ಪಾರಾ 43-44 ಡಿಗ್ರಿಗೆ ಏರುವುದು ನಮಗೆ ಹೊಸದಲ್ಲ. ನಳಕ್ಕೆ ನೀರು ಯಾವಾಗ ಎಂಬುದೇ ನಿತ್ಯದ ಪ್ರಶ್ನೆ. ನಾಲ್ಕೈದು ದಿನಕ್ಕೊಮ್ಮೆ ನೀರು ಕಂಡು ವರ್ಷಗಟ್ಟಲೆ ಬಾಳಿದ ಊರಿದು. ನಗರಕ್ಕೆ ಆಧಾರ ಭೀಮಾ ನದಿಯ ಉಜನಿ ಅಣೆಕಟ್ಟು. ಅದರ ಒಟ್ಟು ಸಂಗ್ರಹ 117 ಟಿಎಂಸಿ ಎಂದು ಕೇಳಲು ಚೆಂದ. ಆದರೆ ಅರ್ಧಕ್ಕಿಂತ ಹೆಚ್ಚು ತಳದ ‘ಮೃತ ಸಂಗ್ರಹ’. ಅದಕ್ಕೆ ಕೈ ಹಾಕಿದ ದಿನದಿಂದ ಪತ್ರಿಕೆಗಳು ‘ಉಜನಿ ಮೈನಸ್‌ಗೆ’ ಎಂದು ಬರೆಯತೊಡಗುತ್ತವೆ. 2024ರ ಬೇಸಿಗೆಯಲ್ಲಿ ಆ ಮೈನಸ್ ಐವತ್ತನ್ನೂ ದಾಟಿತು. ನಮ್ಮ ಓಣಿಯಲ್ಲಿ ಅಂಗಡಿಯ ಹುಡುಗನಿಗೂ ಈ ಲೆಕ್ಕ ಗೊತ್ತು.

ಇನ್ನೊಂದು ಮಾತನ್ನು ಒಳನಾಡಿನವರು ಅರಿತಿರಲಿಕ್ಕಿಲ್ಲ. ನಗರಕ್ಕೆ ಒಂದು ಪಾಲು ನೀರು ಕೊಳವೆಯಲ್ಲಿ ಬಂದರೆ, ಇನ್ನೊಂದು ಪಾಲನ್ನು ನದಿಗೇ ಬಿಟ್ಟು, ಕೆಳಗೆ ಔಜ್ ಬಂಧಾರದಲ್ಲಿ ನಿಲ್ಲಿಸಿ, ಟಾಕಳಿಯಿಂದ ಎತ್ತುತ್ತಾರೆ. ಟಾಕಳಿಯ ಸೇತುವೆ ದಾಟಿದರೆ ಧೂಳಖೇಡ, ಕರ್ನಾಟಕ. ಎರಡೂ ದಂಡೆಯ ರೈತರು ಇದೇ ನೀರಿಗೆ ಪಂಪು ಹಚ್ಚುತ್ತಾರೆ. ನದಿಗೆ ನೀರು ಬಿಟ್ಟರೆಂದು ಕೇಳಿದಾಗ ತವರಿನವರೂ ನಾವೂ ಒಂದೇ ದಿನ ಹಿಗ್ಗುತ್ತೇವೆ. ನೀರು ಬೇಗ ಇಳಿದರೆ ಒಬ್ಬರ ಕಡೆ ಒಬ್ಬರು ಕಣ್ಣು ಕಿರಿದು ಮಾಡಿ ನೋಡುತ್ತೇವೆ. ಬೀಗರ ನಡುವೆಯೂ ಈ ಮಾತು ಬಂದು ಹೋಗುತ್ತದೆ: “ನಿಮ್ಮ ಊರಾಗಿನ ಮೋಟಾರ ಬಂದ್ ಮಾಡ್ರೆವ್ವಾ, ನಮ್ಮ ನಳಾ ಬರ್ಲಿ.”

ನೀರು ಬಿಡುವ ಸಮಯಕ್ಕೆ ಗೊತ್ತು-ಗುರಿ ಇಲ್ಲ. ನಸುಕಿನ ಮೂರಕ್ಕೂ ಬಂದೀತು. ಮೊದಲು ಸಪ್ಪಳ ಕೇಳಿದವರು ಉಳಿದವರನ್ನು ಎಬ್ಬಿಸಬೇಕೆಂಬುದು ಓಣಿಯ ಅಲಿಖಿತ ಕಾನೂನು. ಹೆಚ್ಚಾಗಿ ಎಬ್ಬಿಸುವವರು ಎದುರು ಮನೆಯ ತೆಲುಗು ಅಕ್ಕ. “ನಳಾ ಬಂತ್ರೀ, ಏಳ್ರೀ!” ಎಂದು ಅವರು ಕೂಗುವುದು ಕನ್ನಡದಲ್ಲಿ. ಮುಂದಿನ ಮನೆಗೆ “ಪಾಣೀ ಆಲಂ!” ಮಹಡಿ ಹತ್ತಲಾಗದ ಹಿರಿಯ ದಂಪತಿಯ ಟಾಕಿ ತುಂಬಿದ ಮೇಲೆಯೇ ಓಣಿಯ ಹುಡುಗರು ತಮ್ಮ ಮನೆಯ ಪೈಪು ಹಚ್ಚುವುದು. ಕೆರೆ ಕಟ್ಟಿಸಿದ ಶರಣನನ್ನು ಗ್ರಾಮದೈವವಾಗಿ ಪೂಜಿಸುವ ಊರಿನಲ್ಲಿ ಇಷ್ಟಾದರೂ ಉಳಿಯಬೇಡವೇ?

ಶ್ಯಾವಿಗೆ ಮಣೆಯ ಸುತ್ತ

ಯುಗಾದಿ ಮುಗಿದು ಬಿಸಿಲು ಬಲಿತಿತೆಂದರೆ ವರ್ಷದ ಸಾಮಾನು ಮಾಡುವ ಕೆಲಸ. ಹಪ್ಪಳ, ಸಂಡಿಗೆ, ಸಾಬೂದಾಣಿ ಹಪ್ಪಳ, ಕುರಡಿಗೆ, ಶ್ಯಾವಿಗೆ, ವರ್ಷಕ್ಕಾಗುವಷ್ಟು ಖಾರದಪುಡಿ. ಇವು ಯಾವುವೂ ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಇಂದು ನಮ್ಮ ಮನೆಯದು, ನಾಳೆ ಮೂಲೆಮನೆ ಮರಾಠಿ ಕಾಕುವಿನದು, ನಾಡಿದ್ದು ತೆಲುಗು ಅಕ್ಕನದು. ಕೂಲಿ ಇಲ್ಲ. ಮಾಡಿದ್ದರಲ್ಲಿ ಒಂದು ತಾಟು ಎಲ್ಲರ ಮನೆಗೂ ಹೋಗುತ್ತದೆ.

ಕುರಡಿಗೆಗೆ ಗೋದಿಯನ್ನು ಮೂರು ದಿನ ನೆನೆಹಾಕಿ, ದಿನವೂ ನೀರು ಬದಲಿಸಿ, ರುಬ್ಬಿ, ಹಾಲು ಹಿಂಡಿ, ಅದು ತಳಕ್ಕೆ ಕೂತ ಮೇಲೆ ಕುದಿಸಿ, ಬಿಸಿಬಿಸಿ ಇರುವಾಗಲೇ ಒತ್ತಬೇಕು. ತಣ್ಣಗಾದರೆ ಒತ್ತುವ ತೋಳು ಬಿದ್ದುಹೋಗುತ್ತದೆ. ನೀರಿನ ತತ್ವಾರದಲ್ಲಿ ಈ ಕೆಲಸವನ್ನು ನಳದ ಸರದಿಗೆ ಹೊಂದಿಸುವುದೇ ಒಂದು ಗಣಿತ. ಗೋದಿ ತೊಳೆದ ನೀರು ಚೆಲ್ಲುವ ಹಾಗಿಲ್ಲ, ಅದು ಕರಿಬೇವಿನ ಗಿಡಕ್ಕೆ.

ಶ್ಯಾವಿಗೆಯ ಸಂಭ್ರಮವೇ ಬೇರೆ. ಜವೆಗೋದಿಯ ರವೆ ನೆನೆಸಿ, ಎಣ್ಣೆ ಹಚ್ಚಿ ನಾದಿ ನಾದಿ ಹದಕ್ಕೆ ತಂದು, ಹೊರಸಿನಿಂದ ಇಳಿಜಾರಾಗಿ ಇಟ್ಟ ಮಣೆಯ ಮೇಲೆ ಅಂಗೈಯಿಂದ ತೀಡಬೇಕು. ಮೇಲೆ ಕೂತವರು ಎಳೆ ಇಳಿಸಿದರೆ ಕೆಳಗೆ ಕೂತವರು ಅದನ್ನು ಹರಿಯದಂತೆ ಎಳೆದು ಕೋಲಿನ ಮೇಲೆ ಹರವುತ್ತಾರೆ. ಎಳೆ ಹಿಡಿಯುವುದು ಹುಡುಗಿಯರ ಕೆಲಸ. ಕೈ ಮಣೆಯ ಮೇಲೆ, ಬಾಯಿ ಮಾತ್ರ ಖಾಲಿ. ಆಗ ಬರುವ ಮಾತು, ಒಗಟು, ಹೆಸರು ಹೇಳುವ ಆಟ, ಅತ್ತೆಯಂದಿರ ಮೇಲಿನ ಚುಚ್ಚು ಯಾವ ಪಠ್ಯಪುಸ್ತಕದಲ್ಲೂ ಸಿಗದ ಕನ್ನಡ.

ಈಗ ಯಂತ್ರದ ಶ್ಯಾವಿಗೆ ಬಂದಿದೆ. ಪಾಕೀಟು ಕೊಂಡರೆ ಹತ್ತು ನಿಮಿಷದ ಕೆಲಸ. ಓಣಿಯ ನಾಲ್ಕು ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದ ಕಡೆ ಮಾಳಿಗೆಗೆ ಬೀಗ. ಹಪ್ಪಳ ಒಣಗಿಸಲೂ ಅನುಮತಿ ಕೇಳಬೇಕು. ಮಣೆ ಇಟ್ಟುಕೊಂಡ ಮನೆ ನಮ್ಮಲ್ಲಿ ಮೂರೇ ಉಳಿದಿವೆ. ಯಂತ್ರವನ್ನು ನಾನು ದೂರುವುದಿಲ್ಲ. ಸೊಂಟ ಹಿಡಿದ ಹೆಂಗಸರಿಗೆ ಅದು ವರವೇ. ಆದರೆ ಯಂತ್ರದ ಮುಂದೆ ಹತ್ತು ಜನ ಕೂಡುವುದಿಲ್ಲ.

ಎರಡು ರಾಜ್ಯ, ಎರಡು ರಜೆ

ಬೇಸಿಗೆಯ ಕನ್ನಡಕ್ಕೆ ಕಳೆ ಬರುವುದು ಭೀಮೆಯ ಆಚೆಯಿಂದ ನೆಂಟರ ಮಕ್ಕಳು ಬಂದಾಗ. ಇಲ್ಲಿ ಒಂದು ತೊಡಕಿದೆ. ಕರ್ನಾಟಕದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೆಯ ವಾರ ರಜೆ ಬಿದ್ದು ಮೇ ಕೊನೆಗೆ ಮುಗಿಯುತ್ತದೆ. ನಮ್ಮಲ್ಲಿ ಫಲಿತಾಂಶ ಬರುವುದೇ ಮೇ 1ರ ಮಹಾರಾಷ್ಟ್ರ ದಿನದ ಆಸುಪಾಸು. ಶಾಲೆ ಮತ್ತೆ ತೆರೆಯುವುದು ಜೂನ್ ನಡುವಿಗೆ. ಹೀಗಾಗಿ ಅಕ್ಕನ ಮಕ್ಕಳಿಗೂ ತಂಗಿಯ ಮಕ್ಕಳಿಗೂ ಕೂಡಿ ಆಡಲು ಸಿಗುವುದು ಮೇ ತಿಂಗಳ ಇಪ್ಪತ್ತೈದು ದಿನ ಮಾತ್ರ.

2024ರಲ್ಲಿ ಅದೂ ತುಂಡಾಯಿತು. ಲೋಕಸಭೆಗೆ ಸೊಲ್ಲಾಪುರ, ವಿಜಯಪುರ ಎರಡೂ ಕಡೆ ಮೇ 7ರಂದೇ ಮತದಾನ. ಮತ ಹಾಕಿ ಬೆರಳಿನ ಶಾಯಿ ಆರುವ ಮೊದಲೇ ನನ್ನ ತಮ್ಮ ಇಬ್ಬರು ಮಕ್ಕಳನ್ನು ಕರೆತಂದು ಬಿಟ್ಟು ಹೋದ. ಮೇ 10ಕ್ಕೆ ಬಸವ ಜಯಂತಿ. ಓಣಿಯಲ್ಲಿ ಮಾವಿನ ಹಣ್ಣಿನ ಸೀಕರಣೆ, ಸಂಜೆ ಮೆರವಣಿಗೆ ನೋಡಲು ಹೊರಟ ಮಕ್ಕಳ ಗುಂಪು.

ಒಂಬತ್ತು ವರ್ಷದ ನನ್ನ ಸೋದರ ಸೊಸೆ ಬಂದ ಎರಡನೆಯ ದಿನವೇ ಓಣಿಯ ಮಕ್ಕಳನ್ನು ಕೂಡಿಸಿಕೊಂಡಳು. ಅವಳಿಗೆ ಮರಾಠಿ ಬಾರದು, ಆದ್ದರಿಂದ ಉಳಿದವರೇ ಕನ್ನಡಕ್ಕೆ ಬರಬೇಕಾಯಿತು. ಮಧ್ಯಾಹ್ನ ಬಿಸಿಲಿಗೆ ಯಾರೂ ಹೊರಬೀಳುವ ಹಾಗಿರಲಿಲ್ಲ. ತಂಪು ನೆಲದ ಮೇಲೆ ಮಲಗಿ ಇವಳು ತಂದಿದ್ದ ಕಥೆ ಪುಸ್ತಕ ಓದುವುದು, ಉಳಿದವರು ಕೇಳುವುದು. ಪಕ್ಕದ ಮನೆಯ ಕನ್ನಡದ ಹುಡುಗ, ಇಂಗ್ಲಿಷ್ ಶಾಲೆಯ ಐದನೆಯ ಇಯತ್ತೆಯವನು, ಎಲ್ಲವನ್ನೂ ಕೇಳಿ ನಗುತ್ತಿದ್ದ. ಪುಸ್ತಕ ಅವನ ಕೈಗೆ ಬಂದಾಗ ಮುಖ ಸಣ್ಣದಾಯಿತು.

“ನನಗ ತಿಳೀತದ, ಓದಾಕ ಬರಾಂಗಿಲ್ಲ,” ಎಂದ.

“ಮತ್ತ ನಿಂದು ಕನ್ನಡ ಅಲ್ಲೇನೋ?” ಎಂದಳು ಇವಳು.

ಇದಕ್ಕೆ ಅವನ ಬಳಿ ಉತ್ತರವಿರಲಿಲ್ಲ. ಅಲ್ಲಿ ಕೂತಿದ್ದ ದೊಡ್ಡವರ ಬಳಿಯೂ ಇರಲಿಲ್ಲ. ಮರುದಿನದಿಂದ ಅವಳೇ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅ, ಆ ಬರೆದುಕೊಟ್ಟಳು. ಅವನ ಜೊತೆ ತೆಲುಗು ಅಕ್ಕನ ಮಗಳೂ ಕೂತಳು. ಕನ್ನಡ-ತೆಲುಗು ಲಿಪಿ ಅಕ್ಕತಂಗಿಯರಿದ್ದಂತೆ, ಅವಳಜ್ಜಿ ಅದನ್ನು ನೋಡಿ “ಇದು ನಮ್ಮದೇ ಅಕ್ಷರ” ಎಂದು ನಕ್ಕಳು. ಮೇ ಮುಗಿಯುವ ಹೊತ್ತಿಗೆ ಹುಡುಗ ಅಂಗಡಿಯ ಕನ್ನಡ ಫಲಕ ಕೂಡಿಸಿ ಕೂಡಿಸಿ ಓದುತ್ತಿದ್ದ. ಕಾಗುಣಿತ ಅರ್ಧಕ್ಕೆ ನಿಂತಿತು, ಕರ್ನಾಟಕದ ಶಾಲೆ ಶುರುವಾಯಿತಲ್ಲ.

ಬಿಸಿಲಲ್ಲಿ ಬಂದ ಮಾಸ್ತರರು

ಇದೇ ರಜೆಯಲ್ಲಿ ಓಣಿಗೆ ಬರುವ ಇನ್ನೊಬ್ಬ ಅತಿಥಿ ಕನ್ನಡ ಶಾಲೆಯ ಮಾಸ್ತರರು. ಅವರಿಗೆ ಬೇಸಿಗೆ ರಜೆ ಹೆಸರಿಗಷ್ಟೇ. ಚೀಲದಲ್ಲಿ ಹೆಸರು ಬರೆದುಕೊಳ್ಳುವ ವಹಿ ಇಟ್ಟುಕೊಂಡು ಮನೆಮನೆ ತಿರುಗುತ್ತಾರೆ. ಮಕ್ಕಳ ಸಂಖ್ಯೆಯ ಮೇಲೆ ಶಿಕ್ಷಕರ ಹುದ್ದೆ ನಿಂತಿದೆ. ಪಟದಲ್ಲಿ ಹೆಸರು ಇಳಿದರೆ ಹುದ್ದೆ ಇಳಿಯುತ್ತದೆ. ಹುದ್ದೆ ಇಳಿದರೆ ಒಬ್ಬರೇ ಎರಡು-ಮೂರು ವರ್ಗ ನೋಡಬೇಕು. ಅದನ್ನು ಕಂಡ ತಂದೆ-ತಾಯಿ ಮಕ್ಕಳನ್ನು ಬಿಡಿಸುತ್ತಾರೆ.

ಅಂದು ನಮ್ಮ ಮನೆಯಲ್ಲಿ ಶ್ಯಾವಿಗೆ. ಮಾಸ್ತರರು ಒಬ್ಬ ಶಿಕ್ಷಕಿಯ ಜೊತೆ ಬಂದು, ಮಜ್ಜಿಗೆ ಕುಡಿದು, ಮಾತು ತೆಗೆದರು. ಹೆಂಗಸರು ಸುಮ್ಮನೆ ಬಿಡಲಿಲ್ಲ.

“ಕನ್ನಡ ಕಲ್ತು ಮುಂದ ಏನ್ ಮಾಡ್ಬೇಕ್ರೀ ಸರ? ಇಲ್ಲಿ ಕಚೇರಿ ಎಲ್ಲಾ ಮರಾಠಿ,” ಎಂದರು ಒಬ್ಬರು.

“ಮರಾಠಿ ಎಲ್ಲಿ ಹೋಗ್ತದ್ರೀ ಅಕ್ಕಾರ? 2020ರ ಕಾಯ್ದೆ ಪ್ರಕಾರ ಯಾವ ಶಾಲ್ಯಾಗ ಹಾಕಿದ್ರೂ ಮರಾಠಿ ಕಲೀಲೇಬೇಕು. ನಮ್ಮಲ್ಲಿ ಇಂಗ್ಲಿಷೂ ಅದ. ಬ್ಯಾರೆ ಕಡೆ ಕನ್ನಡ ಒಂದು ಇಲ್ಲ, ಅಷ್ಟೇ,” ಎಂದರು ಮಾಸ್ತರರು.

ಅವರ ಮಾತು ಸರಿ. ಪುಣೆಯ ಬಾಲಭಾರತಿ ಸಂಸ್ಥೆ 1967ರಲ್ಲಿ ಹುಟ್ಟಿದ್ದು. ಅದು ಮಹಾರಾಷ್ಟ್ರದ ಪಠ್ಯಪುಸ್ತಕಗಳನ್ನು ಕನ್ನಡದಲ್ಲೂ ಅಚ್ಚು ಹಾಕುತ್ತದೆ. ಹತ್ತನೆಯ ಇಯತ್ತೆಯ ಬೋರ್ಡ್ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಆದರೆ ಹೆಂಗಸರ ಪ್ರಶ್ನೆಯೂ ಸುಳ್ಳಲ್ಲ. ಹತ್ತರ ನಂತರದ ದಾರಿ ಕನ್ನಡದ ಮಕ್ಕಳಿಗೆ ಇಕ್ಕಟ್ಟು. ನೌಕರಿಯ ಅರ್ಜಿ, ಆಸ್ಪತ್ರೆಯ ಚೀಟಿ, ಬ್ಯಾಂಕಿನ ಕಾಗದ ಯಾವುದರಲ್ಲೂ ಕನ್ನಡವಿಲ್ಲ. ತಾಯಂದಿರು ಭಾಷೆಯ ಮೇಲಿನ ಸಿಟ್ಟಿನಿಂದ ಕೇಳುವ ಪ್ರಶ್ನೆ ಇದಲ್ಲ, ಮಗುವಿನ ಹೊಟ್ಟೆಯ ಚಿಂತೆಯಿಂದ ಕೇಳುವುದು.

ಕೊನೆಗೆ ಮಾತಿಗೆ ತಿರುವು ಕೊಟ್ಟವರು ಮೂಲೆಮನೆಯ ಮರಾಠಿ ಕಾಕು. ಇಷ್ಟು ವರ್ಷ ಕೂಡಿ ಶ್ಯಾವಿಗೆ ತೀಡಿ ಅವರಿಗೆ ಕನ್ನಡ ಚೆನ್ನಾಗಿ ಬರುತ್ತದೆ. “ನಾ ಮರಾಠಿಯವಳು ನಿಮ್ಮ ಮಾತು ಕಲ್ತೀನಿ. ನಿಮ್ಮ ಮೊಮ್ಮಕ್ಕಳು ನಿಮ್ಮ ಜೋಡಿ ಯಾವ ಮಾತಾಡ್ತಾವ?” ಎಂದರು. ಮಣೆಯ ಮೇಲಿನ ಕೈ ಒಂದು ಗಳಿಗೆ ನಿಂತಿತು.

ಆ ವರ್ಷ ನಮ್ಮ ಓಣಿಯಿಂದ ಮಾಸ್ತರರ ವಹಿಯಲ್ಲಿ ಎರಡು ಹೆಸರು ಸೇರಿದವು. ಶಾಲೆ ಉಳಿಯಲು ಎರಡು ಸಾಲದು. ಆದರೆ ಅದರ ಹಿಂದಿನ ವರ್ಷ ಒಂದೂ ಇರಲಿಲ್ಲ.

ಒಳನಾಡಿನವರಿಗೆ ಒಂದು ಮಾತು

ಜೂನ್ 15ಕ್ಕೆ ನಮ್ಮ ಶಾಲೆಗಳು ತೆರೆದವು. ಒಂದು ವಾರಕ್ಕೆ ಕಾರ ಹುಣ್ಣಿಮೆ. ಎತ್ತುಗಳ ಈ ಹಬ್ಬವನ್ನು ಮರಾಠಿಯವರು ‘ಕರ್ನಾಟಕಿ ಬೆಂದೂರ’ ಎನ್ನುತ್ತಾರೆ. ಅವರ ‘ಮಹಾರಾಷ್ಟ್ರ ಬೆಂದೂರ’ ಬರುವುದು ಮುಂದಿನ ತಿಂಗಳು. ಇಲ್ಲಿ ಎತ್ತುಗಳಿಗೂ ಎರಡು ರಾಜ್ಯದ ಹಬ್ಬ! ನಮ್ಮ ಓಣಿಯಲ್ಲಿ ಎತ್ತಿಲ್ಲ, ಹೊಲವಿಲ್ಲ. ಆದರೂ ಎರಡೂ ದಿನ ಹೋಳಿಗೆ ತಪ್ಪುವುದಿಲ್ಲ.

ಭಾಷೆ ಉಳಿಸಲು ಶಾಲೆ ಬೇಕು, ನಿಜ. ಆದರೆ ಶಾಲೆಗೆ ಮಗುವನ್ನು ಕಳಿಸುವ ಮನಸ್ಸು ಹುಟ್ಟುವುದು ಮಾಳಿಗೆಯ ಮೇಲೆ, ಮಣೆಯ ಪಕ್ಕದಲ್ಲಿ, ನೆಂಟರ ಮಕ್ಕಳ ಆಟದಲ್ಲಿ. ಗಡಿಯಾಚೆ ಅಕ್ಕತಂಗಿಯರಿದ್ದವರು ಮೇ ತಿಂಗಳಲ್ಲಿ ಮಕ್ಕಳನ್ನು ಕಳಿಸಿರಿ. ಮೊದಲಿನ ಹಾಗೆ ಒಂದು ದಿನದ ಮದುವೆಗೆ ಬಂದು ಹೋಗುವುದು ಬೇಡ, ಎರಡು ವಾರ ಬಿಡಿರಿ. ಬರುವಾಗ ಮಾವಿನ ಬುಟ್ಟಿಯ ಜೊತೆ ನಾಲ್ಕು ಕನ್ನಡ ಕಥೆ ಪುಸ್ತಕಗಳಿರಲಿ, ಹೋಗುವಾಗ ಅವನ್ನು ಇಲ್ಲೇ ಬಿಟ್ಟು ಹೋಗಲಿ. ನೀರಿನ ಚಿಂತೆ ಬೇಡ. ನಳ ಬಂದರೆ ಎಬ್ಬಿಸಲು ನಮ್ಮ ತೆಲುಗು ಅಕ್ಕ ಇದ್ದಾರೆ.