ಒಕ್ಕಲಿಗರೂ ಜೀವವಿಮೆಯ ಪ್ರಕಾರಗಳೂ

ನಿಪ್ಪಾಣಿ ತಾಲೂಕಿನ ಕೊಗನೊಳ್ಳಿಯ ಸುತ್ತಲಿನ ಒಕ್ಕಲಿಗರು ತಂಬಾಕು, ಕಬ್ಬು ಮೊದಲಾದ ರೊಕ್ಕದ ಬೆಳೆಗಳನ್ನು ಬೆಳೆಯುವರು. ಇವುಗಳಿಗೆ ಗೊಬ್ಬರ ಹಾಗೂ ಆಳುಗಳ ವೆಚ್ಚವು ಮೊದಲು ಬರುವದು. ಹಣವು ಕೈಸೇರುವದು ಹಲವು ತಿಂಗಳ ಮೇಲೆ. ನಡುವಣ ಕಾಲವನ್ನು ಬಹುಮಟ್ಟಿಗೆ ಸಾಲವೇ ತುಂಬುವದು. ಆಗ ಮನೆಯ ಯಜಮಾನನು ತೀರಿಕೊಂಡರೂ ಸಾಲವು ತೀರುವದಿಲ್ಲ. ಹೊಲವನ್ನು ಮಾರುವ ಪ್ರಸಂಗವು ಹೆಂಡಿರು ಮಕ್ಕಳಿಗೆ ಒದಗುವದು. ಬೆಳೆವಿಮೆಯು ಬೆಳೆಯ ಹಾನಿಗೆ ಮಾತ್ರ ಪರಿಹಾರವು. ದುಡಿಯುವ ಕೈಯೇ ಇಲ್ಲವಾದಾಗ ಜೀವವಿಮೆಯೊಂದೇ ಆಧಾರವು. ಅದರ ಮುಖ್ಯ ಪ್ರಕಾರಗಳು ಇಂತಿವೆ:

1. ಅವಧಿ ವಿಮೆ: ಗೊತ್ತುಪಡಿಸಿದ ವರ್ಷಗಳೊಳಗೆ ಮರಣವು ಸಂಭವಿಸಿದರೆ ಮಾತ್ರ ಹಣವು ದೊರೆಯುವದು, ಬದುಕಿ ಉಳಿದರೆ ಸಾಮಾನ್ಯವಾಗಿ ಏನೂ ಮರಳಿ ಬಾರದು. ಆದುದರಿಂದಲೇ ಸಣ್ಣ ಕಂತಿಗೆ ದೊಡ್ಡ ಮೊತ್ತದ ರಕ್ಷಣೆಯು ಸಿಗುವದು.

2. ಆಜೀವ ವಿಮೆ: ಇದರ ರಕ್ಷಣೆಯು ಮುಪ್ಪಿನವರೆಗೂ ಇರುವದು, ಹಣವು ಪ್ರಾಯಶಃ ವಾರಸುದಾರರಿಗೇ ಸೇರುವದು.

3. ಮುದ್ದತಿ ವಿಮೆ: ಇದನ್ನೇ ಎಂಡೋಮೆಂಟ್ ಎನ್ನುವರು. ನಡುವೆ ಮರಣವಾದರೂ, ಮುದ್ದತಿಯು ಮುಗಿದರೂ ಹಣವು ಬರುವದು. ಉಳಿತಾಯವೂ ಸೇರಿರುವದರಿಂದ ಕಂತು ಹೆಚ್ಚು.

4. ಮನಿ ಬ್ಯಾಕ್ ವಿಮೆ: ಮುದ್ದತಿಯ ನಡುವೆಯೂ ಆಗಾಗ ಒಂದಷ್ಟು ಹಣವನ್ನು ಮರಳಿ ಕೊಡುವದು.

ಅಂಚೆ ಇಲಾಖೆಯು 1995ರಲ್ಲಿ ಹಳ್ಳಿಗರಿಗಾಗಿ ಗ್ರಾಮೀಣ ಅಂಚೆ ಜೀವವಿಮೆಯನ್ನು ಆರಂಭಿಸಿತು. ಅದರಲ್ಲಿ ಗ್ರಾಮ ಸುರಕ್ಷಾ ಎಂಬುದು ಆಜೀವ ವಿಮೆ, ಗ್ರಾಮ ಸಂತೋಷ ಎಂಬುದು ಮುದ್ದತಿ ವಿಮೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಜೀವನ ಜ್ಯೋತಿ ಯೋಜನೆಯು ಅವಧಿ ವಿಮೆಯ ಜಾತಿಯದು. ಬ್ಯಾಂಕು ಇಲ್ಲವೆ ಅಂಚೆಯ ಉಳಿತಾಯ ಖಾತೆಯುಳ್ಳ 18ರಿಂದ 50 ವರ್ಷದವರು ಇದಕ್ಕೆ ಸೇರಬಹುದು. 2022ರಲ್ಲಿ ಗೊತ್ತುಮಾಡಿದ ದರದಂತೆ ವರ್ಷಕ್ಕೆ 436 ರೂಪಾಯಿ ಕಂತು. ಮರಣವಾದರೆ 2 ಲಕ್ಷ ರೂಪಾಯಿ. ಕಂತು ಮೇ ತಿಂಗಳ ಕೊನೆಗೆ ಖಾತೆಯಿಂದ ಕಡಿತವಾಗುವದು. ಮುಂಗಾರಿನ ಸಿದ್ಧತೆಗಾಗಿ ಖಾತೆಯನ್ನು ಬರಿದು ಮಾಡಿದವನ ರಕ್ಷಣೆಯು ತಪ್ಪಿಹೋಗುವ ಸಂಭವವುಂಟು.

ಯಾವದನ್ನು ಆರಿಸಬೇಕೆಂಬುದಕ್ಕೆ ಮೊದಲು ಲೆಕ್ಕ ಹಾಕತಕ್ಕದ್ದು. ಒಬ್ಬ ಒಕ್ಕಲಿಗನ ಸಾಲವು 3 ಲಕ್ಷ, ಮನೆವೆಚ್ಚವು ವರ್ಷಕ್ಕೆ 1 ಲಕ್ಷ ಎಂದು ಭಾವಿಸೋಣ. ಮಕ್ಕಳು ಕೈಗೆ ಬರಲು ಇನ್ನೂ 5 ವರ್ಷಗಳು ಬೇಕಾದರೆ ಅವನಿಗೆ ಒಟ್ಟು 8 ಲಕ್ಷದ ರಕ್ಷಣೆಯು ಅವಶ್ಯವು. ಇಷ್ಟನ್ನು ಮುದ್ದತಿ ವಿಮೆಯಿಂದ ಪಡೆಯಹೋದರೆ ಕಂತು ಭಾರವಾಗುವದು. ಸಾಲವಿರುವವನು ಮೊದಲು ಅವಧಿ ವಿಮೆಯನ್ನು ಮಾಡಿಸಿ, ಉಳಿದ ಶಕ್ತಿಯಿದ್ದರೆ ಮಕ್ಕಳ ವಿದ್ಯೆ, ಮದುವೆಗಳಿಗಾಗಿ ಮುದ್ದತಿ ವಿಮೆಯನ್ನು ಯೋಚಿಸುವದು ಲೇಸು.

ತಿಂಗಳ ಸಂಬಳವಿಲ್ಲದವನಿಗೆ ತಿಂಗಳ ಕಂತು ಒಗ್ಗದು. ತಂಬಾಕಿನ ಇಲ್ಲವೆ ಕಬ್ಬಿನ ಹಣ ಬಂದ ಬಳಿಕ ಬೀಳುವಂತೆ ವಾರ್ಷಿಕ ಕಂತನ್ನು ಗೊತ್ತುಮಾಡಿಕೊಳ್ಳಬೇಕು. ಅರ್ಜಿಯಲ್ಲಿ ರೋಗವನ್ನಾಗಲಿ, ತಂಬಾಕು ಸೇವನೆಯನ್ನಾಗಲಿ ಮರೆಮಾಚಬಾರದು. ಮರೆಮಾಚಿದಲ್ಲಿ ಹಣವನ್ನು ನಿರಾಕರಿಸಲು ಆಸ್ಪದವಾಗುವದು. ನಾಮನಿರ್ದೇಶಿತರ ಹೆಸರನ್ನು ತಪ್ಪದೆ ಬರೆಯಿಸಿ, ವಿಮಾಪತ್ರವನ್ನು ಹೊಲದ ಕಾಗದಪತ್ರಗಳೊಡನೆ ಇಟ್ಟು, ಮನೆಯವರಿಗೆ ತಿಳಿಸಿರಬೇಕು. ಅವರಿಗೆ ಗೊತ್ತಿಲ್ಲದ ವಿಮೆಯು ಹೂಳಿಟ್ಟ ಹಣದಂತೆ ಯಾರಿಗೂ ಉಪಯೋಗವಾಗದು.