ಸುರಂಗದ ನೀರು ನೋಡಲು ಹೋದ ದಿನ

ಕಳೆದ ಮಾರ್ಚ್ ತಿಂಗಳ ಒಂದು ಶನಿವಾರ ನಮ್ಮ ಶಾಲೆಯ ಏಳನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಬಾಯಾರು ಕಡೆಯ ನಮ್ಮ ಭಾವನವರ ತೋಟಕ್ಕೆ ಹೋಗಿದ್ದೆನು. ಪೇಟೆಯ ನೀರಾಟದ ಉದ್ಯಾನಕ್ಕೆ ಹೋಗಬೇಕೆಂಬುದು ಮಕ್ಕಳ ಹಟ. "ಬನ್ನಿ, ಪಂಪು ಇಲ್ಲದೆ ಹಗಲಿರುಳು ಹರಿಯುವ ನೀರನ್ನು ತೋರಿಸುತ್ತೇನೆ" ಎಂದೆನು.

ಸುರಂಗವೆಂದರೆ ನಮ್ಮ ಹಿರಿಯರಿಗೆ ವಿವರಿಸಬೇಕಾದುದಿಲ್ಲ. ಕಿರಿಯರಿಗಾಗಿ ಎರಡು ಮಾತು. ಮುರಕಲ್ಲಿನ ಗುಡ್ಡದ ಮಗ್ಗುಲಿಗೆ ಒಬ್ಬ ಆಳು ನಡೆಯುವಷ್ಟು ಅಗಲ ಎತ್ತರದಲ್ಲಿ ಅಡ್ಡಲಾಗಿ ಕೊರೆದ ದಾರಿಯೇ ಸುರಂಗ. ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ಒಳಗೆ ಒಸರಿ, ಇಳಿಜಾರಿನಲ್ಲಿ ತಾನಾಗಿಯೇ ಹೊರಗೆ ಬರುತ್ತದೆ. ಹಿಂದೆ ಅದನ್ನು ಅಡಿಕೆ ಮರದ ದಂಬೆಯಲ್ಲಿ ಕೆರೆಗೆ ಹಾಯಿಸುತ್ತಿದ್ದರು. ಈಗ ಪೈಪು ಬಂದಿದೆ. ತೋಡುವವರು ಒಳಗೆ ದೀಪ ಹಚ್ಚಿಡುತ್ತಿದ್ದರು. ದೀಪ ಕುಂದಿತೆಂದರೆ ಉಸಿರಾಟದ ಗಾಳಿ ಸಾಲದೆಂದು ತಿಳಿದು ಹೊರಗೆ ಬರುತ್ತಿದ್ದರು. ಗಡಿಯಾಚೆ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಹಲವು ಸಲ ನೀರು ಸಿಗದಿದ್ದರೂ ಎದೆಗುಂದದೆ ಒಬ್ಬರೇ ಸುರಂಗ ತೋಡಿ ಬೋಳುಗುಡ್ಡದಲ್ಲಿ ತೋಟವೆಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಮಕ್ಕಳನ್ನು ಸುರಂಗದ ಬಾಯಿಯಲ್ಲೇ ನಿಲ್ಲಿಸಿದೆನು. ಒಳಗೆ ಮಣ್ಣು ಕುಸಿಯಬಹುದು, ಹಾವು ಇರಬಹುದು; ಯಾರೂ ಮಕ್ಕಳನ್ನು ಒಳಗೆ ಬಿಡಬಾರದು. ಕೆರೆಯ ಕೆಳಗಿನ ಪೈಪಿಗೆ ತಲೆಕೊಟ್ಟು ಅವರು ಮನದಣಿಯೆ ಮಿಂದರು. ಬಳಿಕ ಲೆಕ್ಕ ಮಾಡಿಸಿದೆನು. 10 ಲೀಟರಿನ ಬಾಲ್ದಿ ತುಂಬಲು 50 ಸೆಕೆಂಡು ಹಿಡಿಯಿತು. ಅಂದರೆ ಗಂಟೆಗೆ 720 ಲೀಟರ್, ದಿನಕ್ಕೆ 17,280 ಲೀಟರ್. ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ ಬೇಸಗೆಯಲ್ಲಿ ದಿನಕ್ಕೆ ಸುಮಾರು 20 ಲೀಟರ್ ಎಂದು ಹಿಡಿದರೆ 860 ಮರಗಳಿಗೆ ಸಾಕು!

"ನಿಮ್ಮ ಸುರಂಗದಲ್ಲಿ ಎಷ್ಟು ನೀರಿದೆ, ಮಾಸ್ಟ್ರೇ?" ಎಂದು ಒಬ್ಬಳು ಹುಡುಗಿ ಕೇಳಿದಳು.

ಏನು ಹೇಳಲಿ? ನನ್ನ ತೀರ್ಥರೂಪರ ಕಾಲದಲ್ಲಿ ಎಂದೂ ಬತ್ತದಿದ್ದ ನಮ್ಮ ಸುರಂಗ ಈಗ ಫೆಬ್ರವರಿಯಲ್ಲೇ ಒಣಗುತ್ತದೆ. ಇನ್ನೂರು ಅಡಿಕೆ ಸಸಿ ಹೆಚ್ಚು ನೆಡುವ ಆಸೆಯಿಂದ ಮೇಲಿನ ಗುಡ್ಡದ ಕಾಡು ಕಡಿಸಿ, ಯಂತ್ರ ತರಿಸಿ ಮಟ್ಟ ಮಾಡಿಸಿದವನು ನಾನೇ. ಮಳೆನೀರು ಇಂಗದೆ ಕೆಂಪಗೆ ತೋಡಿಗೆ ಓಡಿತು. ಆ ಮೇಲೆ ಕೊಳವೆಬಾವಿ ಕೊರೆಸಿದೆ. ಅದೂ ಎರಡು ಬೇಸಗೆಗೆ ಸೋತಿತು. ಇದನ್ನೆಲ್ಲ ಮಕ್ಕಳೆದುರು ಮುಚ್ಚಿಡದೆ ಹೇಳಿದೆನು.

ಭಾವನವರು ನಕ್ಕು, "ಸುರಂಗ ನೀರನ್ನು ಹುಟ್ಟಿಸುವುದಿಲ್ಲ ಮಾರಾಯರೇ, ಗುಡ್ಡ ಕೊಟ್ಟದ್ದನ್ನು ತರುತ್ತದೆ, ಅಷ್ಟೆ" ಎಂದರು. ಅವರ ಗುಡ್ಡದ ನೆತ್ತಿಯಲ್ಲಿ ಕಾಡುಮರಗಳು ಹಾಗೆಯೇ ಇವೆ. ಮಳೆನೀರು ನಿಲ್ಲಲು ಮದಕವಿದೆ.

ರೈತಬಾಂಧವರೇ, ಮಳೆಗೆ ಮುನ್ನ ಮೂರು ಕೆಲಸ ಮಾಡೋಣ. ಸುರಂಗದ ಬಾಯಿಯ ಹೂಳು ತೆಗೆಯೋಣ. ಗುಡ್ಡದ ಇಳಿಜಾರಿಗೆ ಅಡ್ಡಲಾಗಿ ಇಂಗುಗುಂಡಿ ತೋಡೋಣ. ಆದರೆ ಕುಸಿಯುವ ಕಡಿದಾದ ಜಾಗದಲ್ಲಿ ಬೇಡ. ಪ್ರತಿ ತಿಂಗಳೂ ಬಾಲ್ದಿ ಹಿಡಿದು ನೀರನ್ನು ಅಳೆದು ಬರೆದಿಡೋಣ.

ನಾನು ಈ ವರ್ಷ ಮಟ್ಟ ಮಾಡಿದ ಜಾಗದ ಮೇಲಂಚಿನಲ್ಲಿ ಹಲಸು, ಪುನರ್ಪುಳಿಯ ಸಸಿ ನೆಡುವವನಿದ್ದೇನೆ. ಗುಂಡಿ ತೋಡಲು ಬರುತ್ತೇವೆಂದು ಮಕ್ಕಳು ಒಪ್ಪಿದ್ದಾರೆ. ಬರುವ ಮಾರ್ಚಿನಲ್ಲಿ ನಮ್ಮ ಸುರಂಗಕ್ಕೂ ಬಾಲ್ದಿ ಹಿಡಿದು ನೋಡಬೇಕೆಂಬುದು ಅವರ ಷರತ್ತು.