ಎತ್ತರ ಹೆಚ್ಚಿತು, ದಮ್ಮು ತಗ್ಗಿತು

ಪ್ರಶ್ನೆ: ಹಿಂದಿನ ತಲೆಮಾರಿನವರಿಗಿಂತ ಎತ್ತರವಾಗಿ ಬೆಳೆದಿರುವ ಇಂದಿನ ಹುಡುಗರು ಓಟದಲ್ಲಿ ಬೇಗ ದಣಿಯುವುದೇಕೆ?

ಉತ್ತರ: ಈ ಬದಲಾವಣೆಯ ಸ್ಪಷ್ಟ ದಾಖಲೆ ಫಿನ್‌ಲ್ಯಾಂಡಿನಲ್ಲಿದೆ. ಅಲ್ಲಿ ಶಾಲೆ ಮುಗಿಸಿ ಕಡ್ಡಾಯ ಸೇನಾ ಸೇವೆಗೆ ಸೇರುವ ತರುಣರನ್ನು ಕೂಪರ್ ಪರೀಕ್ಷೆಗೆ, ಎಂದರೆ 12 ನಿಮಿಷಗಳಲ್ಲಿ ಎಷ್ಟು ದೂರ ಓಡಬಲ್ಲರೆಂಬ ಅಳತೆಗೆ, ಒಳಪಡಿಸುತ್ತಾರೆ. 1979ರಲ್ಲಿ ಸರಾಸರಿ 2,760 ಮೀಟರ್ ಇದ್ದ ಈ ದೂರ 2004ರ ಹೊತ್ತಿಗೆ 2,434 ಮೀಟರಿಗೆ ಇಳಿದಿತ್ತು.

ಕಾಲು ಶತಮಾನದಲ್ಲಿ ವಂಶವಾಹಿಗಳು ಬದಲಾಗುವುದಿಲ್ಲವಾದ್ದರಿಂದ ಕಾರಣವನ್ನು ದಿನಚರಿಯಲ್ಲೇ ಹುಡುಕಬೇಕು. ದೀರ್ಘ ಓಟದ ಸಾಮರ್ಥ್ಯವು ಸ್ನಾಯುಗಳಿಗೆ ಆಮ್ಲಜನಕ ತಲುಪುವ ಪ್ರಮಾಣವನ್ನು ಅವಲಂಬಿಸಿದ್ದು, ಈ ವ್ಯವಸ್ಥೆಯು ತೋಟಕ್ಕೆ ನೀರುಣಿಸುವ ಪಂಪು ಮತ್ತು ಕಾಲುವೆಗಳಂತಿದೆ: ಹೃದಯವೇ ಪಂಪು, ಸ್ನಾಯುಗಳೊಳಗೆ ಹರಡಿದ ಲೋಮನಾಳಗಳೆಂಬ ಕೂದಲಿನಂಥ ರಕ್ತನಾಳಗಳೇ ಕಾಲುವೆ. ನಿತ್ಯ ನಡೆದು, ಸೈಕಲ್ ತುಳಿದು, ಬಯಲಲ್ಲಿ ಆಡಿದಾಗ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ನೂಕಲು ಕಲಿಯುತ್ತದೆ, ಲೋಮನಾಳಗಳು ದಟ್ಟವಾಗುತ್ತವೆ, ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳೆಂಬ ಜೀವಕೋಶದ ಘಟಕಗಳೂ ವೃದ್ಧಿಸುತ್ತವೆ. ಬಸ್ಸು, ಬೈಕುಗಳಲ್ಲಿ ಮತ್ತು ಪರದೆಗಳ ಮುಂದೆ ಕುಳಿತ ಗಂಟೆಗಳು ಹೆಚ್ಚಿದಂತೆ ಈ ಮೂರೂ ಕುಗ್ಗುತ್ತವೆ, ಏಕೆಂದರೆ ಬಳಸದ ಸಾಮರ್ಥ್ಯವನ್ನು ದೇಹ ಸಾಕಿಕೊಳ್ಳುವುದಿಲ್ಲ.

ಎರಡನೆಯ ಕಾರಣ ತೂಕ. ಫಿನ್‌ಲ್ಯಾಂಡಿನ ಅದೇ ತರುಣರ ಸರಾಸರಿ ತೂಕ 1993ರ ನಂತರದ ಸುಮಾರು ಒಂದು ದಶಕದಲ್ಲಿ 4 ಕಿಲೋಗೂ ಹೆಚ್ಚು ಏರಿತು. ಓಡುವವನು ಪ್ರತಿ ಹೆಜ್ಜೆಗೂ ತನ್ನ ಇಡೀ ದೇಹವನ್ನು ಎತ್ತಬೇಕಾದ್ದರಿಂದ ಶ್ರಮಕ್ಕೆ ನೆರವಾಗದ ಕೊಬ್ಬು ಬರೀ ಹೊರೆಯಾಗುತ್ತದೆ. ಎತ್ತರವು ಬಹುಮಟ್ಟಿಗೆ ಉತ್ತಮ ಆಹಾರ ಮತ್ತು ಆರೋಗ್ಯದ ಫಲವೇ ಹೊರತು ದಮ್ಮಿನ ಅಳತೆಗೋಲಲ್ಲ.